ಕಿಲಾರಿ ಪಾಲಯ್ಯನ ರೈಲುದಾರಿ

ದೇವರ ಎತ್ತುಗಳು ಎಷ್ಟಿವೆ ಎಂದು ಯಾರಾದರೂ ಕೇಳಿದರೆ ಕಿಲಾರಿ ಪಾಲಯ್ಯನಿಗೆ ಆ ಕ್ಷಣಕ್ಕೆ ಕಿವಿ ಕೇಳಿಸುತ್ತಿರಲಿಲ್ಲ. ಎರಡನೆಯ ಸಲ ಕೇಳಿದರೆ ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸುತ್ತಿದ್ದ. ಮೂರನೆಯ ಸಲವೂ ಬಿಡದೆ ಕೇಳುವ ಹಟಮಾರಿಗಳಿಗೆ ಮಾತ್ರ, ಅಂಥವರಲ್ಲಿ ನಾನೂ ಒಬ್ಬ, ಒಂದು ಉತ್ತರ ಸಿಗುತ್ತಿತ್ತು: “ಎಲ್ಲಾ ಬಂದಾವೆ.”

ದೇವರ ಸೊತ್ತನ್ನು ಎಣಿಸಬಾರದೆಂಬುದು ಅವರ ಹಟ್ಟಿಯ ಕಟ್ಟಳೆ. ಕಟ್ಟಳೆ ಎಂದ ಮಾತ್ರಕ್ಕೆ ಸುಮ್ಮನಾಗುವ ಸ್ವಭಾವ ನನ್ನದಲ್ಲ. “ಎಣಿಸದೆ ಎಲ್ಲಾ ಬಂದಾವೆ ಅಂತ ಹೆಂಗೆ ಗೊತ್ತಾಗುತ್ತೆ?” ಎಂದು ಒಮ್ಮೆ ಅಡ್ಡ ನಿಂತು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

“ಉಣ್ಣಾಕೆ ಕುಂತಾಗ ಮನೆಮಂದೀನ ಎಣಿಸ್ತೀರೇನ್ರೀ ರುದ್ರಪ್ಪೋರೇ? ಇಲ್ದೋರ ಜಾಗ ತಾನೇ ಕಾಣ್ತೈತಲ್ಲ.”

ಈ ಉತ್ತರದಲ್ಲಿ ದೋಷ ಹುಡುಕಲು ನಾನು ಮೂರು ದಿನ ಪ್ರಯತ್ನಿಸಿದೆ. ಸಿಗಲಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕೆಲವು ಹಟ್ಟಿಗಳಲ್ಲಿ ದೇವರ ಎತ್ತುಗಳೆಂಬ ಮಂದೆಗಳುಂಟು. ಅವು ನೊಗ ಹೊರುವುದಿಲ್ಲ, ಸಂತೆಗೆ ಹೋಗುವುದಿಲ್ಲ, ಸತ್ತರೆ ಮನುಷ್ಯರಂತೆ ಮಣ್ಣು ಪಡೆಯುತ್ತವೆ. ಅವನ್ನು ಕಾಯುವವನೇ ಕಿಲಾರಿ. ನಾನು ಬಂಡೆಹಟ್ಟಿಯ ಪಾಲಯ್ಯನನ್ನು ಬಲ್ಲ ಕಾಲಕ್ಕೆ ಅವನು ಆ ಕೆಲಸಕ್ಕೆ ನಿಂತು ಎಷ್ಟೋ ವರ್ಷಗಳಾಗಿದ್ದವು. ಎತ್ತರದ ಆಳು, ಬರಿಗಾಲು, ತಲೆಗೆ ಒಮ್ಮೆ ಬಿಳಿಯದಾಗಿದ್ದ ರುಮಾಲು. ನಮ್ಮೊಡನೆ ಕನ್ನಡ ಆಡುತ್ತಿದ್ದವನು ದನಗಳೊಡನೆ ತೆಲುಗನ್ನೇ ಆಡುತ್ತಿದ್ದ. “ಪದ ನಾಯನಾ, ಪದ” ಎಂದು ಮೆಲ್ಲಗೆ, ಹಿರಿಯರನ್ನು ಮುಂದೆ ಸಾಗಲು ಬೇಡಿಕೊಳ್ಳುವಂತೆ ಹೇಳುತ್ತಿದ್ದ. ಅವುಗಳೊಡನೆ ಕನ್ನಡವನ್ನೇಕೆ ಆಡುವುದಿಲ್ಲವೆಂದು ಕೇಳಿದ್ದಕ್ಕೆ, “ಅವಕ್ಕೆ ಬರಲ್ಲ ಸಾಮಿ, ಇಸ್ಕೂಲಿಗೆ ಹೋಗಿಲ್ಲ” ಎಂದಿದ್ದ.

ನಾನೂ ಹೆಚ್ಚು ಶಾಲೆಗೆ ಹೋದವನಲ್ಲ. ಏಳನೆಯ ತರಗತಿ ಮುಗಿಯುತ್ತಲೇ ಚಳ್ಳಕೆರೆಯ ಒಂದು ಸೈಕಲ್ ಷಾಪಿನಲ್ಲಿ ಕೆಲಸಕ್ಕೆ ಸೇರಿ, ಮುಂದೆ ನನ್ನದೇ ಷಾಪು ಹಾಕಿದೆ. ಬಿಡಿಭಾಗಗಳನ್ನು ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳಿಂದ ಓದಲು ಆರಂಭಿಸಿ, ಗ್ರಂಥಾಲಯದ ಕಪಾಟುಗಳನ್ನು ಒಂದೊಂದಾಗಿ ಮುಗಿಸಿದವನು. ಹೀಗೆ ಓದಿದವರಿಗೆ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ. ಹತ್ತು ಜನ ಒಪ್ಪಿದ ಮಾತನ್ನು ಹನ್ನೊಂದನೆಯವನಾಗಿ ಒಪ್ಪಲು ನಮಗೆ ಆಗುವುದಿಲ್ಲ. ಯಾರು ಕಂಡರು, ಎಲ್ಲಿ ಬರೆದಿದೆ, ಬರೆದವನಿಗೆ ಹೇಗೆ ಗೊತ್ತು ಎಂದು ಕೇಳಿ ಕೇಳಿ ನಾನು ಮದುವೆಮನೆಗಳಲ್ಲೂ ಅಪ್ರಿಯನಾದೆ.

ಪಾಲಯ್ಯ ನನ್ನ ಷಾಪಿಗೆ ಬರುತ್ತಿದ್ದುದು ಹರಿದ ಟ್ಯೂಬುಗಳಿಗಾಗಿ. ಅವನ್ನು ಸೀಳಿ ಕಂಬಳಿಗಂಟು ಕಟ್ಟಲು, ಗೂಟಕ್ಕೆ ಬಿಗಿಯಲು ಬಳಸುತ್ತಿದ್ದ. ಬದಲಿಗೆ ರುಮಾಲಿನ ಸೆರಗಿನಲ್ಲಿ ಕಾರೆಹಣ್ಣು ತರುತ್ತಿದ್ದ. ಒಮ್ಮೆ ನನ್ನಾಕೆಯ ಮಲ್ಲಿಗೆ ಗಿಡಕ್ಕೆ ಒಂದು ಬುಟ್ಟಿ ಗೊಬ್ಬರ ಕೇಳಿದೆ. ಅವನ ಮುಖ ಗಂಭೀರವಾಯಿತು. “ಕಾರೆಹಣ್ಣು ನಾನು ಕಿತ್ತಿದ್ದು, ಕೊಡ್ತೀನಿ. ಸಗಣಿ ನಂದಲ್ಲ” ಎಂದ. ಒಂದು ಬುಟ್ಟಿ ಸಗಣಿಯ ವಿಷಯದಲ್ಲಿ ಅಷ್ಟು ನೇರವಾಗಿದ್ದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಮಂದೆಯ ಹಿಂದೆಯೇ ನಡೆಯುವುದು ಅವನ ಇನ್ನೊಂದು ರೂಢಿ. ಅದು ಭಕ್ತಿಯೆಂದು ಹಟ್ಟಿಯವರು ಹೇಳುತ್ತಿದ್ದರು. ನಾನು ಅವನನ್ನೇ ಕೇಳಿದೆ. “ಮುಂದೆ ಹೋದ್ರೆ ನಾನು ಹೇಳಿದ ಕಡೆ ಅವು ಬರ್ತಾವೆ. ಹಿಂದೆ ಹೋದ್ರೆ ಅವು ಹೇಳಿದ ಕಡೆ ನಾನು ಹೋಗ್ತೀನಿ. ನೀರು ಎಲ್ಲೈತೆ ಅಂತ ಅವಕ್ಕೆ ಗೊತ್ತು. ನನಗೇನು ಗೊತ್ತು?” ಎಂದ.

ಆ ನೀರಿನ ದಾರಿಯಲ್ಲೇ ನಮ್ಮಿಬ್ಬರ ಕಥೆ ಸಿಕ್ಕಿಕೊಂಡಿತು.

ನಮ್ಮ ಕಡೆ ಮೊದಲು ಓಡುತ್ತಿದ್ದುದು ಮೀಟರ್ ಗೇಜಿನ ಪುಟ್ಟ ರೈಲು. ದಿಣ್ಣೆ ಬಂದಲ್ಲಿ ಅದು ಏದುಸಿರು ಬಿಡುತ್ತ ಬಳಸಿಕೊಂಡು ಹೋಗುತ್ತಿತ್ತು. ದೊಡ್ಡ ಹಳಿ ಬಂದಾಗ ದಿಣ್ಣೆಯನ್ನು ಕಡಿದು ದಾರಿಯನ್ನು ನೇರ ಮಾಡಿದರು. ಬಂಡೆಹಟ್ಟಿಯ ಮಗ್ಗುಲಲ್ಲಿ ಹಳೆಯ ದಾರಿಯ ಒಂದು ದೊಡ್ಡ ಬಾಗು ಹಾಗೆಯೇ ಉಳಿಯಿತು. ಹಳಿಗಳು ಹೋದವು, ಜಲ್ಲಿ ಹೋಯಿತು. ಮಣ್ಣಿನ ಏರಿಯೊಂದು ಹುಲ್ಲು ಹೊದ್ದು ಮಲಗಿತು. ಇತ್ತ ಸುತ್ತಲಿನ ಬಯಲು ಬದಲಾಗುತ್ತ ಬಂತು. ಕುದಾಪುರದ ಕಡೆ ದೊಡ್ಡ ಸಂಸ್ಥೆಗಳ ಉದ್ದುದ್ದ ಗೋಡೆಗಳೆದ್ದವು. ಹೊಲಗಳಿಗೆ ತಂತಿ ಬಂತು. ದನ ಅಲೆಯುವ ನೆಲ ಕಿರಿದಾಯಿತು. ಕೊನೆಗೆ ಬಂಡೆಹಟ್ಟಿಯ ಮಂದೆ ಮೇಯುತ್ತ ಕೆರೆಗೆ ಹೋಗಲು ಉಳಿದದ್ದು ಆ ರೈಲು ಏರಿಯೊಂದೇ. ಏರಿಯ ಉದ್ದಕ್ಕೆ ಮೇಯ್ದು, ಒಂದೆಡೆ ಕೆಳಗಿಳಿದು, ಏರಿಯ ಅಡಿಯ ಕಲ್ಲಿನ ಕಮಾನಿನೊಳಗೆ ನುಸುಳಿದರೆ ಆಚೆಗೆ ಕೆರೆ. ಅದು ತಪ್ಪಿದರೆ ಲಾರಿಗಳು ಓಡುವ ಹೆದ್ದಾರಿ.

ಇದಾವುದನ್ನೂ ನಾನು ಗಮನಿಸಿರಲಿಲ್ಲ. ನನಗೆ ಕಂಡದ್ದು ಒಂದೇ: ಸೈಕಲ್ ಓಡಿಸಲು ಇಷ್ಟು ಒಳ್ಳೆಯ ಜಾಗ ಸೀಮೆಯಲ್ಲೇ ಇಲ್ಲ. ಪುಟ್ಟ ರೈಲಿಗೆಂದು ಹಾಕಿದ ದಾರಿಯಲ್ಲಿ ಏರುತಗ್ಗು ಇರುವುದಿಲ್ಲ; ಮುಪ್ಪಿನ ಮೊಣಕಾಲಿಗೂ ಅದು ಹಿತ. ಷಾಪನ್ನು ತಂಗಿಯ ಮಗನಿಗೆ ವಹಿಸಿದ ಮೇಲೆ ನಾನು ಅರ್ಜಿಗಳನ್ನು ಬರೆಯತೊಡಗಿದೆ. ಹಲ್ಲಿನ ಡಾಕ್ಟರಮ್ಮ ಶೈಲಜಾ ಕೈಜೋಡಿಸಿದರು. ಪ್ರತಿ ಬೆಳಗ್ಗೆ ಹೆದ್ದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಸೈಕಲ್ ತುಳಿಯುತ್ತಿದ್ದವರು ಅವರು. ನಿವೃತ್ತ ಓವರ್‌ಸಿಯರ್ ತಿಪ್ಪೇಸ್ವಾಮಿ ಅಳತೆಪಟ್ಟಿಯೊಡನೆ ಸೇರಿಕೊಂಡರು. ಕೊನೆಗೆ ಅನುಮತಿ ಬಂತು. ಹಳೆಯ ರೈಲು ಏರಿ ನಡಿಗೆಗೂ ಸೈಕಲ್ಲಿಗೂ ಮೀಸಲಾದ ದಾರಿಯಾಯಿತು. ಜೆಸಿಬಿ ತರಿಸಿ ಹುಲ್ಲು ಕೆರೆಸಿದೆವು, ಗ್ರಾವಲ್ ಹರಡಿಸಿದೆವು, ಏರಿಯ ಇಕ್ಕೆಲದ ಬುಡದಲ್ಲೂ ತಂತಿ ಎಳೆಸಿದೆವು. ಎರಡೂ ತುದಿಗಳಲ್ಲಿ ನಿಲ್ಲಿಸಿದ ಫಲಕದ ಒಕ್ಕಣೆ ನನ್ನದೇ: ‘ಪಾದಚಾರಿಗಳಿಗೆ ಹಾಗೂ ಸೈಕಲ್ ಸವಾರರಿಗೆ ಸ್ವಾಗತ. ದನಕರುಗಳಿಗೆ ಪ್ರವೇಶವಿಲ್ಲ.’

ಎರಡನೆಯ ವಾಕ್ಯ ಬರೆಯುವ ಮುನ್ನ ಎಚ್ಚರಿಕೆ ವಹಿಸಿದ್ದೆನೆಂದೇ ಆಗ ನಂಬಿದ್ದೆ. ಗ್ರಾಮನಕ್ಷೆಯ ಪ್ರತಿ ತರಿಸಿ, ಭೂತಗನ್ನಡಿ ಹಿಡಿದು ನೋಡಿದ್ದೆ. ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕಿಗೆರೆಗಳಲ್ಲಿ ತೋರಿಸಿದ್ದರು. ಏರಿಯ ಕಡೆಗೆ ದನದ ದಾರಿಯೆಂಬುದೊಂದು ಇರಲೇ ಇಲ್ಲ.

ಉದ್ಘಾಟನೆಯ ಮರುದಿನ ಪಾಲಯ್ಯ ಎಂದಿನಂತೆ ಮಂದೆಯೊಡನೆ ಬಂದ. ತಂತಿಯ ಮುಂದೆ ಎತ್ತುಗಳು ನಿಂತವು. ಅವನು ಕೂಗಲಿಲ್ಲ, ತಂತಿ ಕೀಳಲಿಲ್ಲ. ಮಂದೆಯನ್ನು ಹೆದ್ದಾರಿಯ ಕಡೆಗೆ ತಿರುಗಿಸಿದ. ಆ ಬೆಳಗ್ಗೆ ಒಂದು ಲಾರಿ ಬ್ರೇಕು ಒತ್ತಿ ಅಡ್ಡಡ್ಡ ಜಾರಿ ನಿಂತಿತಂತೆ. ಒಂದು ಕರುವಿನ ತೊಡೆ ತರಚಿತಂತೆ. ಇದು ನನಗೆ ತಿಳಿದದ್ದು ಸಂಜೆ, ಅವನು ಷಾಪಿನ ಮೆಟ್ಟಿಲ ಮೇಲೆ ಬಂದು ಕುಳಿತಾಗ.

“ಆ ಬೋರ್ಡು ಯಾರು ಬರ್ದಿದ್ದು ರುದ್ರಪ್ಪೋರೇ?”

“ನಾನೇ.”

“ಅಕ್ಷರ ದುಂಡಗೈತೆ. ಓದಿಸ್ಕಂಡೆ. ನನಗಂತೂ ಓದಾಕೆ ಬರಲ್ಲ, ಅವಕ್ಕೂ ಬರಲ್ಲ. ಮುಂದ್ಲ ಎತ್ತು ಬೋರ್ಡಿನ ಕಂಬಕ್ಕೆ ಚೆನ್ನಾಗಿ ಮೈ ಉಜ್ಜಿಕೊಂಡು ಬಂತು. ತುರಿಸ್ಕೊಳ್ಳಾಕೆ ನೆಟ್ಟಿದಾರೆ ಅಂದ್ಕಂಡಿರ್ಬೇಕು.”

ನಾನು ನಗಲಿಲ್ಲ. ತಪ್ಪು ನನ್ನದಲ್ಲ, ದಾಖಲೆ ಹಾಗಿದೆ ಎಂದು ತೋರಿಸಲು ನಕ್ಷೆಯನ್ನು ಬಿಚ್ಚಿದೆ. ಅವನು ಆ ಕಾಗದದ ಮೇಲೆ ಬಾಗಿ, ಬೆರಳಿಂದ ಮುಟ್ಟದೆ, ಬಹಳ ಹೊತ್ತು ನೋಡಿದ.

“ಇದನ್ನ ಯಾವ ತಿಂಗಳಾಗೆ ಬರ್ದಿದ್ದು?”

“ತಿಂಗಳು ಯಾತಕ್ಕೆ?”

“ಸರಪಳಿ ಹಿಡ್ಕಂಡು ಅಳೆಯೋರು ಬರೋದು ಬ್ಯಾಸಿಗ್ಯಾಗೆ. ಹೊಲ ಖಾಲಿ ಇರ್ತಾವಲ್ಲ, ನಡೆಯಾಕೆ ಸಲೀಸು. ಬ್ಯಾಸಿಗ್ಯಾಗೆ ನಾವು ಇಲ್ಲಿರ್ತೀವೇನ್ರೀ? ಮಂದೆ ಕಟ್ಕಂಡು ಮೊಳಕಾಲ್ಮೂರು ಗುಡ್ಡದ ಕಡೆ ಹೋಗಿರ್ತೀವಿ. ಮನ್ಯಾಗೆ ಯಾರೂ ಇಲ್ದಾಗ ಬಂದು, ಈ ಮನೆಗೆ ಮಂದಿನೇ ಇಲ್ಲ ಅಂತ ಬರ್ಕಂಡು ಹೋಗ್ಯಾರೆ.”

ಅಷ್ಟು ವರ್ಷ ಪ್ರತಿಯೊಂದು ಮಾತನ್ನೂ ಅನುಮಾನಿಸಿದ್ದ ನಾನು, ಒಂದು ದಾಖಲೆಯನ್ನು ಯಾವ ತಿಂಗಳಲ್ಲಿ ಬರೆದರೆಂದು ಒಮ್ಮೆಯೂ ಕೇಳಿರಲಿಲ್ಲ. ಬಾಯಿಮಾತನ್ನು ಅಡ್ಡಗಟ್ಟಿದವನು ಕಾಗದಕ್ಕೆ ಬಾಗಿಲು ತೆರೆದು ಕುಳಿತಿದ್ದೆ. ಆದರೂ ಹಟ ಬಿಡಲಿಲ್ಲ. “ಇದು ನೀನು ಹೇಳೋ ಮಾತು. ಸಾಕ್ಷಿ ಏನಿದೆ?” ಎಂದೆ. ಆ ಸಂಜೆಯೇ ಅವನನ್ನು ಮೊದಲ ಸಲ ಏಕವಚನದಲ್ಲಿ ಕರೆದದ್ದು. ಸೋತಾಗ ಮನುಷ್ಯ ಮಾಡುವ ಸಣ್ಣತನ ಅದು. ಅವನು ಬೇಸರಿಸಲಿಲ್ಲ. “ನಾಳೆ ಬಾ, ತೋರಿಸ್ತೀನಿ” ಎಂದು ತಾನೂ ಏಕವಚನಕ್ಕೆ ಇಳಿದ. ಅಲ್ಲಿಂದ ಕೊನೆಯವರೆಗೆ ನಾವು ಹಾಗೆಯೇ ಉಳಿದೆವು.

ಮರುದಿನ ಅವನು ನನ್ನನ್ನು ಕರೆದೊಯ್ದದ್ದು ಕಲ್ಲಿನ ಕಮಾನಿಗೆ. ತಿಪ್ಪೇಸ್ವಾಮಿಯವರ ಪಟ್ಟಿಯಲ್ಲಿ ಅದನ್ನು ನೀರು ಹರಿಯುವ ಮೋರಿಯೆಂದು ಬರೆದಿತ್ತು. ಪಾಲಯ್ಯ ಅದರ ಬಾಯಲ್ಲಿ ನಿಂತು ಸುತ್ತ ಕೈ ತೋರಿಸಿದ.

“ನೀರಿನ ಮೋರಿ ಆದ್ರೆ ಹಳ್ಳ ಎಲ್ಲಲೇ?”

ಹಳ್ಳವಿರಲಿಲ್ಲ. ಎರಡೂ ಕಡೆ ನೆಲ ಎತ್ತರದಲ್ಲೇ ಇತ್ತು; ನೀರು ಹರಿದ ಗುರುತಾಗಲಿ, ಮರಳಾಗಲಿ ಕಾಣಲಿಲ್ಲ. ಅವನು ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋದ. ನನ್ನ ಅಂಗೈಯನ್ನು ಗೋಡೆಯ ಮೇಲೆ ಊರಿಸಿದ. ಕೆಳಗೆ ಮೊಣಕಾಲಿನವರೆಗೆ ಕಲ್ಲು ಒರಟು. ತಲೆಯ ಮೇಲೂ ಒರಟು, ಉಳಿಯ ಗುರುತು ಹಾಗೆಯೇ ಇದ್ದವು. ನಡುವೆ, ಎತ್ತಿನ ಪಕ್ಕೆ ತಾಗುವ ಎತ್ತರದಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಕಲ್ಲು ಒರಳಿನ ಒಳಮೈಯಂತೆ ನುಣುಪಾಗಿತ್ತು. ಎರಡೂ ಗೋಡೆಗಳಲ್ಲಿ ಹಾಗೆಯೇ. ಒಂದು ತಲೆಮಾರಿನಲ್ಲಿ ಬರುವ ನುಣುಪಲ್ಲ ಅದು.

“ನಮ್ಮಪ್ಪನ ಕಾಲದಾಗೆ, ಅವರಪ್ಪನ ಕಾಲದಾಗೆ, ರೈಲು ಮ್ಯಾಲೆ ಹೋಗ್ತಿತ್ತು, ನಾವು ಕೆಳಗೆ ಹೋಗ್ತಿದ್ವಿ” ಎಂದ ಪಾಲಯ್ಯ. “ರೈಲಿನೋರು ದನಕ್ಕೆ ಅಂತ್ಲೇ ಬಿಟ್ಟ ಬಾಗಿಲು ಇದು. ನೀವು ಸೈಕಲ್ಲಿನೋರು ಮುಚ್ಚಿದ್ರಿ.”

ನಾನು ದಾರಿ ನೋಡಿಕೊಳ್ಳುವ ನಮ್ಮ ಸಮಿತಿಯ ಸಭೆ ಕರೆದೆ. ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ, ಹಲ್ಲಿನ ಚಿತ್ರಗಳ ಕೆಳಗೆ ನಾವು ಮೂವರು ಕುಳಿತೆವು. ಪಾಲಯ್ಯ ಬಾಗಿಲ ಬಳಿ ನಿಂತಿದ್ದ. ಕುರ್ಚಿ ತೋರಿಸಿದರೆ, “ಹಲ್ಲು ಕೀಳೋ ಮನೆ, ನಿಂತಿರೋದೇ ಒಳ್ಳೇದು” ಎಂದ. ನಾನು ನುಣುಪು ಕಲ್ಲಿನ ವಿಷಯವನ್ನು ವಿವರವಾಗಿ ಮಂಡಿಸಿದೆ. ತಿಪ್ಪೇಸ್ವಾಮಿ ಕನ್ನಡಕ ಒರೆಸಿಕೊಂಡರು.

“ಕಲ್ಲು ನುಣುಪಾಗೋಕೆ ನೂರು ಕಾರಣ ಇರ್ತವೆ ರುದ್ರಪ್ಪ. ನನ್ನ ಸರ್ವಿಸ್‌ನಲ್ಲಿ ಎಷ್ಟು ಮೋರಿ ನೋಡಿಲ್ಲ? ಆಯ್ತು, ದನ ಬಿಡೋದೇ ಅಂದ್ರೆ ತಲೆ ಎಷ್ಟು ಅಂತ ಹೇಳಿ. ನಾನು ಮೇಲಿನೋರಿಗೆ ಬರೀಬೇಕಲ್ಲ. ಪಾಲಯ್ಯ, ಎಷ್ಟಪ್ಪ ನಿಮ್ಮ ದನ?”

ಪಾಲಯ್ಯನಿಗೆ ಕಿವಿ ಕೇಳಿಸಲಿಲ್ಲ. ಕಂಬಳಿ ಹೆಗಲು ಬದಲಾಯಿಸಿತು.

ಆಗ ಡಾಕ್ಟರಮ್ಮನಿಗೆ ಒಂದು ದಾರಿ ಹೊಳೆಯಿತು. ನಿಜಕ್ಕೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. “ಒಂದು ಕಥೆ ಇದೆಯಲ್ಲ ಸರ್? ರೈಲುದಾರಿ ಮೊದಲು ನೆಟ್ಟಗೇ ಹಾಕಿದ್ದರಂತೆ. ದೇವರ ಎತ್ತುಗಳು ಇಂಜಿನ್ ಮುಂದೆ ಹೋಗಿ ಮಲಗಿಬಿಟ್ಟವಂತೆ. ಇಂಜಿನ್ ಅಲ್ಲಾಡಲಿಲ್ಲವಂತೆ. ಬಿಳಿ ಇಂಜಿನಿಯರ್ ಕೈಮುಗಿದು ದಾರಿಯನ್ನೇ ಬಾಗಿಸಿದನಂತೆ. ಅದನ್ನೇ ದೊಡ್ಡದಾಗಿ ಬರೆಸೋಣ. ಆಮೇಲೆ ದನ ಬರಬಾರದು ಅಂತ ಹೇಳೋ ಧೈರ್ಯ ಯಾರಿಗಿರುತ್ತೆ?”

ತಿಪ್ಪೇಸ್ವಾಮಿ ತಲೆದೂಗಿದರು. ಕಲ್ಲಿಗೆ ಒಪ್ಪದವರು ಕಥೆಗೆ ಒಪ್ಪಿದರು. ಎಲ್ಲರೂ ನನ್ನ ಕಡೆ ನೋಡಿದರು, ಏಕೆಂದರೆ ಇಂಥ ಕಥೆಗಳನ್ನು ಕತ್ತರಿಸುವವನು ನಾನು. ಆದರೆ ಆ ದಿನ, ಒಂದು ಸುಳ್ಳಿನಿಂದ ಮಂದೆಗೆ ನೀರು ಸಿಗುವುದಾದರೆ ಸಿಗಲಿ ಎಂದು ಜೀವನದಲ್ಲಿ ಮೊದಲ ಸಲ ಸುಮ್ಮನಿದ್ದೆ.

ಬಾಗಿಲ ಬಳಿಯಿಂದ ಪಾಲಯ್ಯನ ದನಿ ಬಂತು. “ಅದು ಸುಳ್ಳು ಕಣವ್ವ.”

“ನಿಮ್ಮ ಹಟ್ಟಿಯವರೇ ಹೇಳ್ತಾರಲ್ಲ ಪಾಲಯ್ಯ?”

“ಹೇಳ್ತಾರೆ. ಹೇಳೋರು ಯಾರೂ ದನ ಕಾಯ್ದಿಲ್ಲ. ದಾರಿ ಬಾಗಿರೋದು ದಿಣ್ಣೆಗೆ. ಹೇರಿದ ಬಂಡಿ ಯಾವ ಕಡೆ ತಿರುಗ್ತೈತೋ ರೈಲೂ ಅದೇ ಕಡೆ ತಿರುಗೈತೆ. ಎತ್ತು ಮೇವಿಗೆ ಅಂತ ಎರಡು ಸಲ ಹಳಿ ಮ್ಯಾಲೆ ಹತ್ತಿದ್ವು. ಎರಡು ಸಲಾನೂ ರೈಲು ನಿಲ್ಲಲಿಲ್ಲ. ನಮ್ಮಪ್ಪ ಮಣ್ಣು ಮಾಡ್ಯಾನೆ, ಏರಿ ಪಕ್ಕದಾಗೇ. ಎತ್ತು ಸತ್ತ ಜಾಗದಾಗೆ ಇಂಜಿನ್ ನಿಂತಿತ್ತು ಅಂತ ಬರೆಯಾಕೆ ನಾನು ಹೂಂ ಅನ್ನಲ್ಲ.”

ಗೆಲ್ಲಬಹುದಾಗಿದ್ದ ವ್ಯಾಜ್ಯವನ್ನು ಅವನು ತನ್ನ ಬಾಯಿಂದಲೇ ಕೆಡಿಸಿಕೊಂಡ. ಸಭೆ ಯಾವ ತೀರ್ಮಾನವೂ ಇಲ್ಲದೆ ಮುಗಿಯಿತು. ಹೊರಗೆ ಬಂದ ಮೇಲೆ ನಾನು ಗದರಿಸಿದೆ. “ಸುಮ್ಮನಿದ್ದಿದ್ದರೆ ಆಗ್ತಿರಲಿಲ್ವಾ?”

“ನೀನ್ಯಾಕೆ ಸುಮ್ಕಿದ್ದೆ?” ಎಂದು ಕೇಳಿದ. ಅದರಲ್ಲಿ ಕೊಂಕಿರಲಿಲ್ಲ, ತಿಳಿಯುವ ಕುತೂಹಲವಷ್ಟೇ ಇತ್ತು. ನಾನು ಸೈಕಲ್ ಏರಿದೆ.

ಆ ಮಳೆಗಾಲ ಪೂರ್ತಿ ಅವನು ಮಂದೆಯನ್ನು ಹೆದ್ದಾರಿಯ ಅಂಚಿನಲ್ಲೇ ನಡೆಸಿದ. ಹಟ್ಟಿಯ ಹೆಂಗಸರು ಗಂಡಸರು ಸರದಿಯಲ್ಲಿ ಬಂದು ಕೆಂಪು ಬಟ್ಟೆ ಹಿಡಿದು ಲಾರಿಗಳ ಮುಂದೆ ನಿಲ್ಲುತ್ತಿದ್ದರು. ಕೆರೆ ತಲುಪುವ ಹೊತ್ತಿಗೆ ಬಿಸಿಲೇರಿರುತ್ತಿತ್ತು. ಮೇಯಲು ಹೊತ್ತು ಸಾಲದೆ ಎತ್ತುಗಳ ಪಕ್ಕೆಲುಬು ಕಾಣತೊಡಗಿದವು. ನಾನೂ ಎರಡು ಮೂರು ದಿನ ಬೆಳಗ್ಗೆ ಬಟ್ಟೆ ಹಿಡಿದು ನಿಂತೆ. ಪ್ರಾಯಶ್ಚಿತ್ತವೆಂದು ದೊಡ್ಡ ಮಾತು ಆಡಲಾರೆ, ಮನೆಯಲ್ಲಿ ಕೂರಲಾಗಲಿಲ್ಲ.

ಇತ್ತ ಏರಿಯ ಮೇಲೆ ಹಳದಿ ಹೂವು ಅರಳಿತು. ಗ್ರಾವಲ್ಲಿನ ನಡುವೆ ನೆಲಕ್ಕಂಟಿದ ಬಳ್ಳಿ. ಬೆಳಗಾದರೆ ದಾರಿಯುದ್ದಕ್ಕೂ ಚಿನ್ನದ ಚುಕ್ಕಿಗಳು. ಡಾಕ್ಟರಮ್ಮ ಚಿತ್ರ ತೆಗೆದು ಎಲ್ಲರಿಗೂ ಕಳುಹಿಸಿದರು. ಸುತ್ತಲಿನ ಊರುಗಳಿಂದ ಜನ ನೋಡಲು ಬಂದರು. ಪಾಲಯ್ಯ ತಂತಿಯಾಚೆ ನಿಂತು ಒಮ್ಮೆ ಹೇಳಿದ: “ಹೂ ಚೆನ್ನಾಗೈತೆ ಅಲ್ಲೇನವ್ವ? ಒಂದು ತಿಂಗಳು ತಾಳ್ರಿ.”

ಅದು ನೆಗ್ಗಿಲು. ಜೀವಮಾನವೆಲ್ಲ ಸೈಕಲ್ ಟೈರುಗಳಿಂದ ಆ ಮುಳ್ಳನ್ನು ಇಕ್ಕಳದಲ್ಲಿ ಕಿತ್ತ ನಾನು ಅದರ ಹೂವನ್ನು ಗುರುತಿಸಲಿಲ್ಲ. ನನಗೆ ಮುಳ್ಳಷ್ಟೇ ಪರಿಚಯ. ದಸರಾ ಮುಗಿಯುವ ಹೊತ್ತಿಗೆ ಕಾಯಿ ಬಲಿತು ಉದುರಿತು. ಒಂದೊಂದು ಕಾಯಿಯೂ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೆ ಇರುವಂಥದ್ದು. ದಾರಿಗೆ ಇಳಿದ ಸೈಕಲ್ಲುಗಳಲ್ಲಿ ಗಾಳಿ ಉಳಿದು ಮರಳಿದ್ದು ಒಂದೂ ಇಲ್ಲ. ಓಡಲು ಬಂದವರ ಬೂಟುಗಳೂ ಮುಳ್ಳು ಹೊತ್ತು ಹೋದವು. ತಿಪ್ಪೇಸ್ವಾಮಿಯವರು ಹೊಚ್ಚಹೊಸ ಗೇರ್ ಸೈಕಲ್ ಹತ್ತಿ, ಮೊಮ್ಮಗ ತಂದ ಚಡ್ಡಿ ತೊಟ್ಟು ಹೋದವರು, ಎರಡೂ ಗಾಲಿ ಚ‌ಪ್ಪಟೆಯಾಗಿ, ಇಡೀ ಬಾಗಿನುದ್ದಕ್ಕೂ ಅದನ್ನು ತಳ್ಳಿಕೊಂಡು ಬಂದರು. ಷಾಪಿನ ಮುಂದೆ ಪಂಕ್ಚರಿನ ಸೈಕಲ್ಲುಗಳ ಸಾಲು ನಿಂತಿತು. ಆಳು ಹಚ್ಚಿ ಬಳ್ಳಿ ಕೀಳಿಸಿದೆವು. ಕಿತ್ತಷ್ಟೂ ಕಾಯಿ ಉದುರಿತು. ಕೆಲವೇ ದಿನಗಳಲ್ಲಿ ದಾರಿ ಬಿಕೋ ಎಂದಿತು.

ಒಂದು ಸಂಜೆ ತಿಪ್ಪೇಸ್ವಾಮಿ ತಾವೇ ಬಂಡೆಹಟ್ಟಿಗೆ ಹೊರಟರು, ನಾನು ಜೊತೆಗಿದ್ದೆ. ಪಾಲಯ್ಯ ದೊಡ್ಡಿಯ ಬೇಲಿಗೆ ಮುಳ್ಳು ಸೇರಿಸುತ್ತಿದ್ದ.

“ಏನ್ ಮಾಡಬೇಕಪ್ಪ ಪಾಲಯ್ಯ ಇದಕ್ಕೆ?”

“ನಾನೇನ್ ಮಾಡ್ಲಿ ಸಾಮಿ? ಬೋರ್ಡು ಐತಲ್ಲ, ನೆಗ್ಗಿಲಿಗೂ ಪ್ರವೇಶ ಇಲ್ಲ ಅಂತ ಬರ್ಸ್ರಿ. ರುದ್ರಪ್ಪ ದುಂಡಗೆ ಬರೀತಾನೆ.”

ಓವರ್‌ಸಿಯರ್ ನಗುವುದೋ ಸಿಟ್ಟಾಗುವುದೋ ತಿಳಿಯದೆ ನಿಂತರು. ನಂತರ ಅವರು ನಕ್ಕದ್ದರಿಂದ ಮುಂದಿನದೆಲ್ಲ ಸಾಧ್ಯವಾಯಿತು. ಪಾಲಯ್ಯ ಕೈ ಕೊಡವಿಕೊಂಡು ಬಂದು ಕುಳಿತ.

“ನೀವು ಹುಲ್ಲು ಕೆರೆದು ಹಾಕಿದ್ರಿ. ಬೋಳು ನೆಲ ಕಂಡ್ರೆ ನೆಗ್ಗಿಲು ಬಿಡ್ತೈತೇನು? ಎಳೇದಿದ್ದಾಗ ದನ ಕಡೀತಾವೆ. ಮುಳ್ಳು ಬಲಿತ ಮ್ಯಾಲೆ ಮೂಸಾದೂ ಇಲ್ಲ. ಹೂ ಬಿಡೋದ್ರೊಳಗೆ ಮಂದೆ ಹಾಯ್ಬೇಕು, ದಿನಾ ಹಾಯ್ಬೇಕು. ಗರಿಕೆ ತಾನೇ ಬರ್ತೈತೆ.”

“ತಲೆ ಎಷ್ಟು ಅಂತ...” ಎಂದು ಶುರುಮಾಡಿದ ತಿಪ್ಪೇಸ್ವಾಮಿ ತಾವೇ ನಿಲ್ಲಿಸಿದರು. “ಆಯ್ತು, ಬೇಡ ಬಿಡು. ಎಷ್ಟು ಹೊತ್ತಿಗೆ ಬರ್ತೀರಿ ಅದು ಹೇಳು.”

ಹೊತ್ತು ಒಂದು ಮಾರು ಏರುವವರೆಗೆ ಎಂದ ಅವನು. ಎಂಟು ಗಂಟೆಯವರೆಗೆ ಎಂದರು ಇವರು. ಹೊತ್ತಿನ ಮಾರಿಗೂ ಗಡಿಯಾರಕ್ಕೂ ಒಂದು ಹೊಂದಾಣಿಕೆಯಾಯಿತು. ಬೆಳಗಿನ ಆ ಪಾಲು ಮಂದೆಯದು. ಆಗ ಎದುರಾದ ಸವಾರ ಇಳಿದು ಪಕ್ಕಕ್ಕೆ ನಿಲ್ಲಬೇಕು. ತಂತಿಯನ್ನು ಬಿಚ್ಚಬೇಕು. ನನ್ನ ಫಲಕದ ಎರಡನೆಯ ವಾಕ್ಯಕ್ಕೆ ನಾನೇ ಬಣ್ಣ ಬಳಿದೆ.

ಮುಂದಿನ ಮಳೆಗಾಲದಲ್ಲಿ ನೆಗ್ಗಿಲು ಪೂರ್ತಿ ಹೋಯಿತೆಂದು ಹೇಳಿದರೆ ತಪ್ಪಾಗುತ್ತದೆ. ಈಗಲೂ ವರ್ಷಕ್ಕೆ ಒಂದೆರಡು ಮುಳ್ಳು ನನ್ನ ಟೈರಿಗೂ ಸಿಗುತ್ತವೆ. ಆದರೆ ಇಳಿಜಾರಿನಲ್ಲಿ ಗರಿಕೆ ಹಿಡಿಯಿತು, ದಾರಿ ಮತ್ತೆ ತುಳಿಯುವಂತಾಯಿತು. ಅದು ದನದ ಹಲ್ಲಿನಿಂದಲೋ, ಗೊರಸಿನಿಂದಲೋ, ಸಗಣಿಯಿಂದಲೋ ಎಂಬುದನ್ನು ನಾನು ಇನ್ನೂ ಖಚಿತಪಡಿಸಿಕೊಂಡಿಲ್ಲ. ಪರಶುರಾಂಪುರದ ಕಡೆಯಿಂದಲೂ ಜನ ಬರತೊಡಗಿದರು. ಬೆಳಗಿನಲ್ಲೇ ಬಂದು, ಮಂದೆ ಹಾಯುವವರೆಗೆ ಸೈಕಲ್ಲಿಗೆ ಒರಗಿ ಕಾಯುವುದು ಕೆಲವರಿಗೆ ಇಷ್ಟದ ಕೆಲಸವೇ ಆಯಿತು. ಡಾಕ್ಟರಮ್ಮ ಇಳಿದು ನಿಂತು, “ಏನು ಪಾಲಯ್ಯ, ಹಲ್ಲು ಹೇಗಿವೆ?” ಎನ್ನುವರು. “ನಂದಾ, ಅವುದಾ?” ಎನ್ನುವನು ಅವನು.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ಅವನ ಮೊಣಕಾಲು ಊದಿಕೊಂಡವು. ಮಂದೆಯನ್ನು ತಮ್ಮನ ಮಗ ಬೊಮ್ಮಯ್ಯನಿಗೆ ಒಪ್ಪಿಸಿದ. ನಲವತ್ತು ದಾಟಿದ ಬೊಮ್ಮಯ್ಯ ಅಲ್ಲಿಯವರೆಗೆ ಒಂದು ದೊಡ್ಡ ಕಾಂಪೌಂಡಿನ ಕಾವಲುಗಾರನಾಗಿದ್ದವನು. “ಗೇಟು ಮುಚ್ಚೋ ಕೆಲಸ ಬಿಟ್ಟು ಬಂದವ್ನೆ” ಎಂದು ಪಾಲಯ್ಯ ನನಗೆ ಪರಿಚಯ ಮಾಡಿಸಿದ.

ನಾನು ಅವನನ್ನು ಕೊನೆಯ ಸಲ ಕಂಡದ್ದು ಒಂದು ಬೇಸಿಗೆಯ ಬೆಳಗ್ಗೆ. ಮಂದೆ ಗುಡ್ಡದ ಕಡೆ ಹೋಗಿತ್ತು, ದೊಡ್ಡಿ ಖಾಲಿ. ಅವನು ಬೇವಿನ ಕೆಳಗೆ ಕಂಬಳಿ ಹಾಸಿ ಕಾಲು ಚಾಚಿ ಕುಳಿತಿದ್ದ. ನಾನು ತಂದ ಔಷಧವನ್ನು ಮೂಸಿ ನೋಡಿ ಪಕ್ಕಕ್ಕಿಟ್ಟ.

“ಒಂದು ಮಾತು ಕೇಳಲೇ ರುದ್ರಪ್ಪ. ಓವರ್ಸೀರು ಹೋಗ್ತಾನೆ, ನೀನೂ ಹೋಗ್ತೀಯ. ನಾನಂತೂ ಹೊಂಟೇ ಬಿಟ್ಟೀನಿ. ಬಾಯಾಗೆ ಆಡಿದ್ದು ಬಾಯಿ ಜತಿಗೇ ಮಣ್ಣಾಗ್ತೈತೆ. ನಾಳೆ ಇನ್ಯಾರೋ ಬಂದು ಮತ್ತೆ ತಂತಿ ಎಳೀತಾರೆ. ದಾರೀನ ನಕ್ಷೆದಾಗೆ ಬರ್ಸಿಬಿಡು.”

“ನಕ್ಷೆ ನಂಬಬೇಡ ಅಂದವನು ನೀನೇ ಅಲ್ವೇನೋ?”

“ನಂಬಬ್ಯಾಡ ಅಂದೆ. ಬರೀಬ್ಯಾಡ ಅಂದ್ನೇನು?”

ಮುಂಗಾರು ಬೀಳುವ ಮೊದಲೇ ಅವನು ತೀರಿಕೊಂಡ. ಮಂದೆ ಗುಡ್ಡದಿಂದ ಇನ್ನೂ ಇಳಿದಿರಲಿಲ್ಲ. ಏರಿಯ ಪಕ್ಕದಲ್ಲಿ, ಅವನಪ್ಪ ಎತ್ತುಗಳನ್ನು ಮಣ್ಣುಮಾಡಿದ ಕಡೆಗೇ ಅವನನ್ನೂ ಮಣ್ಣುಮಾಡಿದರು. ತಿಪ್ಪೇಸ್ವಾಮಿ ಬಂದಿದ್ದರು, ಡಾಕ್ಟರಮ್ಮ ಬಂದಿದ್ದರು. ನಾನು ಒಂದು ಹಿಡಿ ಮಣ್ಣು ಹಾಕಿ, ಮನೆಗೆ ಬಂದು, ಅರ್ಜಿ ಬರೆಯಲು ಕುಳಿತೆ.

ಮೊದಲ ಅರ್ಜಿಗೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ, ಬೇಸಿಗೆಯಲ್ಲಿ ಅಳತೆಗೆ ಬರುತ್ತೇವೆಂದು ಬಂತು. ಬೇಸಿಗೆ ಬೇಡ, ಮಂದೆ ಊರಲ್ಲಿರುವ ಕಾಲಕ್ಕೇ ಬರಬೇಕೆಂದು ಕಾರಣಸಹಿತವಾಗಿ, ನಾಲ್ಕು ಪುಟ ಮೂರನೆಯದನ್ನು ಬರೆದೆ. ತಿಪ್ಪೇಸ್ವಾಮಿಯವರು ತಮ್ಮ ಹಳೆಯ ಇಲಾಖೆಯ ಪರಿಚಯಗಳನ್ನೆಲ್ಲ ಹಿಡಿದು ಅದರ ಬೆನ್ನು ಹತ್ತಿದರು. ಕಡೆಗೆ ಕಾರ್ತಿಕದ ಒಂದು ಮಂಜಿನ ಬೆಳಗ್ಗೆ ಸರ್ವೆಯ ಹೆಣ್ಣುಮಗಳೊಬ್ಬಳು ಮುಕ್ಕಾಲಿಯನ್ನೂ ಅಳತೆಯ ಯಂತ್ರವನ್ನೂ ಹೊತ್ತು ಬಂದು, ಏರಿಯ ನಟ್ಟನಡುವೆ ಅದನ್ನು ನಿಲ್ಲಿಸಿ, “ಎಲ್ಲಿ ಸರ್ ದಾರಿ?” ಎಂದು ಕೇಳಿದಳು.

“ಸ್ವಲ್ಪ ತಾಳಮ್ಮ” ಎಂದೆ.

ಮಂಜಿನೊಳಗಿಂದ ಗಂಟೆಯ ಸದ್ದು ಬಂತು, ಆಮೇಲೆ ಕೊಂಬುಗಳು. ಕಾದು ನಿಂತಿದ್ದ ನಾಲ್ಕೈದು ಸವಾರರು ತಂತಮ್ಮ ಸೈಕಲ್ಲುಗಳನ್ನು ಅಂಚಿಗೆ ಎಳೆದುಕೊಂಡರು. ಅದನ್ನು ನೋಡಿ ಆ ಹೆಣ್ಣುಮಗಳೂ ಯಂತ್ರವನ್ನು ಮುಕ್ಕಾಲಿಸಮೇತ ಎತ್ತಿ ಅಪ್ಪಿಕೊಂಡು ಇಳಿಜಾರಿಗೆ ಸರಿದಳು. ಎತ್ತುಗಳು ಅವಸರವಿಲ್ಲದೆ ಹಾದು, ಕಮಾನಿನ ಕಡೆಗೆ ಇಳಿದವು. ಹಿಂದೆ ಬೊಮ್ಮಯ್ಯ, “ಪದ ನಾಯನಾ” ಎನ್ನುತ್ತ ಹೋದ.

ಅವಳು ಇಬ್ಬನಿಯಲ್ಲಿ ಅಚ್ಚೊತ್ತಿದ ಗೊರಸಿನ ಗುರುತುಗಳನ್ನು ಒಂದು ಕ್ಷಣ ನೋಡಿದಳು. ಚೀಲದಿಂದ ಕೆಂಪು ಬಾವುಟಗಳನ್ನು ತೆಗೆದು, ಗುರುತಿನ ಮೇಲೆ ಒಂದೊಂದೇ ಚುಚ್ಚುತ್ತ ಕೆಳಗಿಳಿದಳು. ಕಮಾನಿನೊಳಗೆ ಅವಳ ಕೈ ತಾನಾಗಿ ಗೋಡೆಗೆ ಹೋಯಿತು. ಸವರಿ ನೋಡಿ, ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಏನೆಂದು ನಾನು ಕೇಳಲಿಲ್ಲ. ಸೈಕಲ್ ತಳ್ಳಿಕೊಂಡು ಅವಳ ಹಿಂದೆ ಆಚೆ ಬದಿಗೆ ಬಂದಾಗ ಮಂಜು ಹರಿದಿತ್ತು. ಎತ್ತುಗಳು ಆಗಲೇ ಕೆರೆಯಲ್ಲಿ ಮೊಣಕಾಲುದ್ದ ಇಳಿದು ನೀರು ಕುಡಿಯುತ್ತಿದ್ದವು.